ಬೆನ್ನ ಹಿಂದಿನ ಬಯಲು: ಕ್ರೆಸ್ಪೊ ಅವರ ದಾಳಿಯಾಟ ಮತ್ತು ಅಲ್ ಐನ್

ಎದುರಾಳಿಯಿಂದ ಚೆಂಡು ಕಿತ್ತುಕೊಂಡ ಕ್ಷಣದಲ್ಲೇ ಅದನ್ನು ಮುಂದಕ್ಕೆ, ಡಿಫೆಂಡರುಗಳ ಬೆನ್ನ ಹಿಂದಿನ ಬಯಲಿಗೆ ಕಳಿಸಬೇಕು. ಅಲ್ಲಿಗೆ ಎಲ್ಲರಿಗಿಂತ ಮೊದಲು ಓಡಿ ಮುಟ್ಟುವ ಒಬ್ಬ ಫಾರ್ವರ್ಡ್ ಇರಬೇಕು. ಅರ್ಜೆಂಟೀನಾದ ಎರ್ನಾನ್ ಕ್ರೆಸ್ಪೊ 2023ರ ನವೆಂಬರ್‌ನಲ್ಲಿ ಕೋಚ್ ಆಗಿ ಬಂದ ಮೇಲೆ ಯುಎಇಯ ಅಲ್ ಐನ್ ಕ್ಲಬ್ ದೊಡ್ಡ ಪಂದ್ಯಗಳಲ್ಲಿ ಆಡಿದ ಆಟದ ತಿರುಳು ಇದು. ಈ ಆಟದಿಂದ ಅಲ್ ಐನ್ 2024ರ ಮೇ 25ರಂದು ಏಷ್ಯಾದ ಚಾಂಪಿಯನ್ ಆಯಿತು. ಆರು ತಿಂಗಳು ತುಂಬುವ ಮೊದಲೇ, ಅದೇ ವರ್ಷದ ನವೆಂಬರ್‌ನಲ್ಲಿ, ಕ್ಲಬ್ ಕ್ರೆಸ್ಪೊ ಅವರನ್ನು ಕೈಬಿಟ್ಟಿತು. ಕೋಚ್ ಅವರೇ, ಕ್ಲಬ್ ಅದೇ, ಮುಖ್ಯ ಗೋಲುಗಾರನೂ ಅವನೇ. ಹಾಗಿದ್ದ ಮೇಲೆ ಆ ದಾಳಿಯಾಟ ಅಲ್ ಐನ್‌ಗೆ ಒಗ್ಗಿತ್ತೇ ಇಲ್ಲವೇ? ಇಲ್ಲಿನ ಹವೆ, ಪಂದ್ಯಗಳ ವೇಳಾಪಟ್ಟಿ, ಎದುರಾಳಿಗಳ ಸ್ವಭಾವ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರಷ್ಟೇ ಇದಕ್ಕೆ ಉತ್ತರ ಸಿಗುತ್ತದೆ.

ಅಲ್ ಐನ್ ಇರುವುದು ಅಬುಧಾಬಿ ಎಮಿರೇಟಿನ ಒಳನಾಡಿನಲ್ಲಿ, ಒಮಾನ್ ಗಡಿಗೆ ತಾಗಿಕೊಂಡ ಓಯಸಿಸ್ ಊರಿನಲ್ಲಿ. 1968ರಲ್ಲಿ ಶುರುವಾದ ಈ ಕ್ಲಬ್ 2022ರ ಹೊತ್ತಿಗೆ 14 ಸಲ ದೇಶದ ಲೀಗ್ ಗೆದ್ದಿತ್ತು. ನೇರಳೆ ಅಂಗಿಯ ಈ ತಂಡವನ್ನು ಅಭಿಮಾನಿಗಳು ‘ಅಲ್ ಝಯೀಮ್’, ಅಂದರೆ ಯಜಮಾನ, ಎಂದು ಕರೆಯುತ್ತಾರೆ. 2014ರಲ್ಲಿ ತೆರೆದ ಹಝ್ಝಾ ಬಿನ್ ಝಾಯೆದ್ ಕ್ರೀಡಾಂಗಣದಲ್ಲಿ ಸುಮಾರು 25,000 ಮಂದಿ ಕೂರಬಹುದು. ಖರ್ಜೂರದ ಮರದ ಕಾಂಡದ ಮೇಲಿನ ಹೆಣಿಗೆಯನ್ನೇ ಅದರ ಹೊರಮೈಗೆ ತಂದಿದ್ದಾರೆ. ದುಬೈನ ಅಲ್ ವಸ್ಲ್, ಶಬಾಬ್ ಅಲ್ ಅಹ್ಲಿ, ಅಬುಧಾಬಿ ನಗರದ ಅಲ್ ಜಝೀರಾ, ಅಲ್ ವಹ್ದಾ ಇವೆಲ್ಲ ಕಡಲತಡಿಯ ಕ್ಲಬ್ಬುಗಳು. ಈ ಎರಡು ನಗರಗಳ ನಡುವಿನ ಹಾದಿಯಲ್ಲಿ ಜೆಬೆಲ್ ಅಲಿ ಸಿಗುತ್ತದೆ. 1979ರಲ್ಲಿ ಬಂದರು, 1985ರಲ್ಲಿ ಮುಕ್ತ ವ್ಯಾಪಾರ ವಲಯ ತೆರೆದ ಮೇಲೆ ಬೆಳೆದ ಊರು ಇದು. ದೇಶದ ಮೇಲಿನ ಲೀಗಿನಲ್ಲಿ ಆಡುವ ಕ್ಲಬ್ ಇಲ್ಲಿಲ್ಲ. ಆದರೆ ಈ ಚರ್ಚೆಯಲ್ಲಿ ಜೆಬೆಲ್ ಅಲಿಗೂ ಒಂದು ಪಾತ್ರವಿದೆ. ಅದು ಹವೆಯ ಮಾತು ಬಂದಾಗ ತಿಳಿಯುತ್ತದೆ.

ಕ್ರೆಸ್ಪೊ ಮೂಲತಃ ಗೋಲುಗಾರ. ಅರ್ಜೆಂಟೀನಾ ಪರ 64 ಪಂದ್ಯಗಳಲ್ಲಿ 35 ಗೋಲು ಹೊಡೆದವರು. 2000-01ರಲ್ಲಿ ಲಾಝಿಯೊ ಪರ 26 ಗೋಲು ಹೊಡೆದು ಇಟಲಿಯ ಲೀಗಿನಲ್ಲಿ ಮೊದಲ ಸ್ಥಾನ ಪಡೆದವರು. 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್‌ಗಾಗಿ ಎರಡು ಗೋಲು ಹೊಡೆದೂ ಲಿವರ್‌ಪೂಲ್ ಎದುರು ಕಪ್ ಕಳೆದುಕೊಂಡ ತಂಡದಲ್ಲಿ ಅವರಿದ್ದರು. ಆ ಎರಡು ಗೋಲುಗಳಲ್ಲಿ ಎರಡನೆಯದನ್ನು ನೆನೆದರೆ ಅವರ ಕೋಚಿಂಗ್ ಅರ್ಧ ಅರ್ಥವಾದಂತೆ. ಕಾಕಾ ಮೈದಾನದ ನಡುವಿನಿಂದ ಇಡೀ ಡಿಫೆನ್ಸನ್ನು ಸೀಳಿಕೊಂಡು ಹೋಗುವ ಒಂದು ಪಾಸ್ ಕೊಟ್ಟರು. ಕ್ರೆಸ್ಪೊ ಓಡುತ್ತಲೇ ಅದನ್ನು ಗೋಲ್‌ಕೀಪರ್ ಮೇಲಿಂದ ಮೆಲ್ಲಗೆ ಎತ್ತಿ ಒಳಗೆ ಹಾಕಿದರು. ಒಂದು ಪಾಸ್, ಒಂದು ಓಟ, ಒಂದು ಸ್ಪರ್ಶ, ಅಷ್ಟೇ.

ಕೋಚ್ ಆದ ಮೇಲೆ ಅವರಿಗೆ ಹೆಸರು ತಂದದ್ದು ಅರ್ಜೆಂಟೀನಾದ ಸಣ್ಣ ಕ್ಲಬ್ ಡಿಫೆನ್ಸಾ ಇ ಹುಸ್ತಿಸಿಯಾ. 2021ರ ಜನವರಿಯಲ್ಲಿ ಲಾನುಸ್ ತಂಡವನ್ನು 3-0ರಿಂದ ಸೋಲಿಸಿ ಆ ಕ್ಲಬ್ ಕೋಪಾ ಸುಡಾಮೆರಿಕಾನಾ ಗೆದ್ದಿತು. ಅದೇ ವರ್ಷ ಬ್ರೆಜಿಲ್‌ನ ಸಾವೊ ಪಾವ್ಲೊ ಅವರ ಕೈಯಲ್ಲಿ ರಾಜ್ಯ ಚಾಂಪಿಯನ್ ಆಯಿತು. ಆ ತಂಡಗಳಲ್ಲಿ ಅವರು ಹಿಂದೆ ಮೂವರು ಡಿಫೆಂಡರುಗಳನ್ನಿಟ್ಟು, ಎದುರಾಳಿಯನ್ನು ಅವರದೇ ಅರ್ಧದಲ್ಲಿ ಅಟ್ಟಿಸಿಕೊಂಡು ಹೋಗುವ ಆಟ ಆಡಿಸುತ್ತಿದ್ದರು. ನಂತರ ಕತಾರ್‌ನ ಅಲ್ ದುಹೈಲ್ ತಂಡಕ್ಕೆ 2022-23ರ ಲೀಗ್ ಗೆಲ್ಲಿಸಿಕೊಟ್ಟರು. ಕೊಲ್ಲಿಯ ಹವೆ, ಇಲ್ಲಿನ ಆಟಗಾರರ ಓಟದ ಮಿತಿ, ಸೌದಿ ಕ್ಲಬ್ಬುಗಳ ಬಲ ಇವೆಲ್ಲ ಅಲ್ ಐನ್‌ಗೆ ಬರುವ ಮೊದಲೇ ಅವರಿಗೆ ಗೊತ್ತಿದ್ದವು. ಇದು ಸಣ್ಣ ಮಾತಲ್ಲ. ಯುರೋಪಿನಿಂದ ನೇರವಾಗಿ ಇಲ್ಲಿಗೆ ಇಳಿದ ಎಷ್ಟೋ ಕೋಚ್‌ಗಳು ತಂದ ನಕ್ಷೆ ಮೊದಲ ಸೆಪ್ಟೆಂಬರಿನ ಸೆಕೆಯಲ್ಲೇ ಕರಗಿ ಹೋಗಿದೆ.

ಡಚ್ ಕೋಚ್ ಆಲ್ಫ್ರೆಡ್ ಶ್ರೂಡರ್ ಬಿಟ್ಟುಹೋದ ತಂಡ ಕ್ರೆಸ್ಪೊ ಅವರ ಕೈಗೆ ಬಂತು. ಅದರಲ್ಲಿ ಒಬ್ಬ ಅಪರೂಪದ ಆಟಗಾರನಿದ್ದ: ಮೊರಾಕ್ಕೊದ ಸೂಫಿಯಾನ್ ರಹೀಮಿ. ಕಾಸಾಬ್ಲಾಂಕಾದ ರಾಜಾ ಕ್ಲಬ್ಬಿನಲ್ಲಿ ಬೆಳೆದು 2021ರಲ್ಲಿ ಅಲ್ ಐನ್‌ಗೆ ಬಂದವನು. ಅವನ ಜಾಗ ಎಡಬದಿ. ಆದರೆ ಕ್ರೆಸ್ಪೊ ದೊಡ್ಡ ಪಂದ್ಯಗಳಲ್ಲಿ ಅವನನ್ನು ನಡುವಿಗೆ, ಎಲ್ಲರಿಗಿಂತ ಮುಂದಕ್ಕೆ ತಂದರು. ಟೋಗೊದ ಕೊಜೊ ಲಾಬಾ ಆ ಜಾಗದ ಪಳಗಿದ ಗೋಲುಗಾರ. ಸೆರ್ಹಿಯ್ ರೆಬ್ರೊವ್ ಕೋಚ್ ಆಗಿದ್ದ 2021-22ರಲ್ಲಿ 26 ಗೋಲು ಹೊಡೆದು ಅಲ್ ಐನ್‌ಗೆ ಲೀಗ್ ತಂದುಕೊಟ್ಟವನು. ಲಾಬಾ ಪೆನಾಲ್ಟಿ ಪೆಟ್ಟಿಗೆಯೊಳಗೆ ಕ್ರಾಸ್‌ಗಾಗಿ ಕಾಯುವ ಆಟಗಾರ. ರಹೀಮಿ ಪೆಟ್ಟಿಗೆಯ ಹೊರಗಿನಿಂದ ಒಳಕ್ಕೆ ಓಡುವವನು. ಯಾರನ್ನು ಮುಂದಿಡುವುದು ಎಂಬ ಈ ಒಂದು ತೀರ್ಮಾನದಿಂದ ಇಡೀ ತಂಡದ ನಡೆ ಬದಲಾಯಿತು. ರಹೀಮಿಯ ಹಿಂದೆ ಪರಾಗ್ವೆಯ ಕಾಕು, ಅರ್ಜೆಂಟೀನಾದ ಮತಿಯಾಸ್ ಪಲಾಸಿಯೊಸ್ ಇದ್ದರು. ಇಬ್ಬರೂ ತಲೆಯೆತ್ತಿ ಪಾಸ್ ಕೊಡುವವರು. ಅವರ ಹಿಂದೆ ದಕ್ಷಿಣ ಕೊರಿಯಾದ ಪಾರ್ಕ್ ಯೋಂಗ್ ವೂ ನಡುಮೈದಾನದ ಕಾವಲು ಕಾಯುತ್ತಿದ್ದರು. ಗೋಲ್‌ನಲ್ಲಿ ಯುಎಇಯ ಹಿರಿಯ ಆಟಗಾರ ಖಾಲಿದ್ ಈಸಾ.

ಈ ದಾಳಿ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಚೆಂಡು ಎದುರಾಳಿಯ ಬಳಿ ಇದ್ದಾಗ ಅಲ್ ಐನ್‌ನ ಎಂಟು ಮಂದಿ ತಮ್ಮ ಅರ್ಧದಲ್ಲಿ ಎರಡು ಸಾಲಾಗಿ ಒತ್ತಾಗಿ ನಿಲ್ಲುತ್ತಾರೆ. ಬದಿಗಳಲ್ಲಿ ಎದುರಾಳಿಗೆ ಜಾಗ ಬಿಡುತ್ತಾರೆ, ನಡುವಿನ ದಾರಿ ಮಾತ್ರ ಮುಚ್ಚುತ್ತಾರೆ. ಎದುರಾಳಿಯ ಬ್ಯಾಕ್‌ಗಳು ಧೈರ್ಯವಾಗಿ ಮುಂದೆ ಬರುತ್ತಾರೆ. ಅವರ ಹಿಂದೆ ನಲವತ್ತು ಗಜದ ಬಯಲು ತೆರೆದುಕೊಳ್ಳುತ್ತದೆ. ರಹೀಮಿ ಆ ಹೊತ್ತಿನಲ್ಲಿ ಕೊನೆಯ ಡಿಫೆಂಡರ್ ಪಕ್ಕದಲ್ಲಿ ನಿಂತಿರುವುದಿಲ್ಲ. ಒಂದೆರಡು ಹೆಜ್ಜೆ ಹಿಂದೆ, ಆ ಡಿಫೆಂಡರ್‌ಗೆ ಕಾಣದ ಭುಜದ ಕಡೆ ಇರುತ್ತಾನೆ. ಚೆಂಡು ಕಸಿದವನು ತಲೆಯೆತ್ತುವ ಮೊದಲೇ ರಹೀಮಿ ಹೊರಟಿರುತ್ತಾನೆ. ಡಿಫೆಂಡರ್ ತಿರುಗಬೇಕು, ರಹೀಮಿ ಆಗಲೇ ಆ ದಿಕ್ಕಿಗೇ ಮುಖ ಮಾಡಿರುತ್ತಾನೆ. ತಿರುಗುವ ಆ ಅರ್ಧ ಸೆಕೆಂಡೇ ಗೋಲು. ಕಾಸರಗೋಡಿನ ಕಡೆ ಏಳು ಮಂದಿಯ ‘ಸೆವೆನ್ಸ್’ ಆಡಿ ಬೆಳೆದವರಿಗೆ ಈ ಓಟ ಹೊಸದಲ್ಲ. ಸಣ್ಣ ಮೈದಾನದಲ್ಲಿ ಮುಂದೊಬ್ಬನನ್ನು ಬಿಟ್ಟು ಉಳಿದವರೆಲ್ಲ ಹಿಂದೆ ಸರಿದು, ಸಿಕ್ಕ ಚೆಂಡನ್ನು ಅವನ ಮುಂದಕ್ಕೆ ಎಸೆಯುವ ಆಟವೇ ಅಲ್ಲೂ ನಡೆಯುತ್ತದೆ. ಕ್ರೆಸ್ಪೊ ಅದನ್ನು ಹನ್ನೊಂದು ಮಂದಿಯ ಶಿಸ್ತಿಗೆ ತಂದರು.

ಮೊದಲ ದೊಡ್ಡ ಪರೀಕ್ಷೆ 2024ರ ಮಾರ್ಚ್‌ನಲ್ಲಿ ಬಂತು: ಏಷ್ಯನ್ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಎದುರಿಗೆ ಕ್ರಿಸ್ಟಿಯಾನೊ ರೊನಾಲ್ಡೊ ಅವರ ಅಲ್ ನಸ್ರ್. ತವರಿನಲ್ಲಿ ರಹೀಮಿಯ ಒಂದೇ ಗೋಲಿನಿಂದ 1-0. ರಿಯಾದ್‌ನಲ್ಲಿ ನಡೆದ ಎರಡನೇ ಪಂದ್ಯದ ಮೊದಲರ್ಧದಲ್ಲಿ ಅವನು ಮತ್ತೆರಡು ಹೊಡೆದ. ಒಟ್ಟು 3-0 ಮುನ್ನಡೆ. ಇನ್ನೇನು ಮುಗಿಯಿತು ಎನ್ನುವಾಗ ಅಲ್ ನಸ್ರ್ ಮೂರು ಗೋಲು ತಿರುಗಿಸಿತು. ಹೆಚ್ಚುವರಿ ಅವಧಿಯಲ್ಲಿ ಎರಡೂ ಕಡೆ ಒಂದೊಂದು. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಅಲ್ ಐನ್ 3-1ರಿಂದ ಉಳಿಯಿತು; ಅಲ್ ನಸ್ರ್ ಪರ ಶೂಟೌಟ್‌ನಲ್ಲಿ ಗೋಲು ಹೊಡೆದದ್ದು ರೊನಾಲ್ಡೊ ಒಬ್ಬರೇ. ಈ ಪಂದ್ಯವನ್ನು ಗೆಲುವಿನ ಕಥೆಯಾಗಿ ಮಾತ್ರ ಓದುವುದು ತಪ್ಪು. ಒಂದು ರಾತ್ರಿ ನಾಲ್ಕು ಗೋಲು ಬಿಟ್ಟುಕೊಟ್ಟ ತಂಡ ಅದು. ಹಿಂದೆ ಸರಿದು ನಿಲ್ಲುವ ತಂಡಕ್ಕೆ ಆ ನಿಲುವನ್ನು ತೊಂಬತ್ತು ನಿಮಿಷ ಕಾಯ್ದುಕೊಳ್ಳಲು ಆಗಲಿಲ್ಲ ಎಂಬ ಸೂಚನೆ ಅಲ್ಲೇ ಇತ್ತು.

ಸೆಮಿಫೈನಲ್‌ನ ಮೊದಲ ಪಂದ್ಯ ಏಪ್ರಿಲ್ 16ಕ್ಕೆ ನಿಗದಿಯಾಗಿತ್ತು. ಆ ದಿನ ಯುಎಇಯಲ್ಲಿ ಸುರಿದ ಮಳೆಯನ್ನು ಇಲ್ಲಿರುವ ಯಾರೂ ಮರೆತಿಲ್ಲ. ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಮಳೆ ದಾಖಲಾಯಿತು. ದುಬೈನ ರಸ್ತೆಗಳು ಹೊಳೆಯಾದವು. ಪಂದ್ಯ ಒಂದು ದಿನ ಮುಂದೆ ಹೋಯಿತು. ಎದುರಾಳಿ ಅಲ್ ಹಿಲಾಲ್ ಸತತ 34 ಪಂದ್ಯ ಗೆದ್ದು ವಿಶ್ವದಾಖಲೆ ಬರೆದಿದ್ದ ತಂಡ. ಏಪ್ರಿಲ್ 17ರ ರಾತ್ರಿ ರಹೀಮಿ ಮೊದಲರ್ಧದಲ್ಲೇ ಮೂರು ಗೋಲು ಹೊಡೆದ. ವಿರಾಮದ ಬಳಿಕ ಕಾಕು ಪೆನಾಲ್ಟಿಯಿಂದ ನಾಲ್ಕನೆಯದು. 4-2. ಆ ಸರಣಿ ಅಲ್ಲಿಗೆ ಮುರಿಯಿತು. ಅಲ್ ಹಿಲಾಲ್ ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಂಡು, ಇಬ್ಬರು ಬ್ಯಾಕ್‌ಗಳನ್ನೂ ಮುಂದೆ ಕಳಿಸಿ ಎದುರಾಳಿಯನ್ನು ಅದುಮಿಡುವ ತಂಡ. ಕ್ರೆಸ್ಪೊ ಅವರ ದಾಳಿಗೆ ಇದಕ್ಕಿಂತ ಹೇಳಿ ಮಾಡಿಸಿದ ಎದುರಾಳಿ ಇರಲಾರದು. ರಿಯಾದ್‌ನಲ್ಲಿ 2-1ರಿಂದ ಸೋತರೂ ಒಟ್ಟು 5-4ರ ಲೆಕ್ಕದಲ್ಲಿ ಅಲ್ ಐನ್ ಫೈನಲ್ ಸೇರಿತು.

ಫೈನಲ್‌ನಲ್ಲಿ ಎದುರಾದ ಜಪಾನಿನ ಯೊಕೊಹಾಮಾ ಎಫ್. ಮರಿನೋಸ್ ಕೂಡ ಮುಂದೆ ನುಗ್ಗಿ ಆಡುವ ತಂಡವೇ. ಅವರ ಡಿಫೆನ್ಸ್ ಸಾಲು ನಡುಗೆರೆಯ ಹತ್ತಿರ ನಿಲ್ಲುತ್ತಿತ್ತು. ಮೇ 11ರಂದು ಯೊಕೊಹಾಮಾದಲ್ಲಿ 12ನೇ ನಿಮಿಷದಲ್ಲೇ ಮೊಹಮ್ಮದ್ ಅಲ್ ಬಲೂಶಿ ಗೋಲು ಹೊಡೆದರು. ಜಪಾನಿನವರು ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಎರಡು ಹೊಡೆದು 2-1ರಿಂದ ಗೆದ್ದರು. ಎರಡನೇ ಪಂದ್ಯದಲ್ಲಿ, ತವರಿನ ಅಂಗಳದಲ್ಲಿ, ರಹೀಮಿ 8ನೇ ನಿಮಿಷದಲ್ಲಿ ಲೆಕ್ಕ ಸರಿ ಮಾಡಿದ. ಕಾಕು ಪೆನಾಲ್ಟಿಯಿಂದ ಎರಡನೆಯದು ಬಂತು. ಮೊದಲರ್ಧ ಮುಗಿಯುವ ಹೊತ್ತಿಗೆ ಮರಿನೋಸ್ ಗೋಲ್‌ಕೀಪರ್ ವಿಲಿಯಂ ಪಾಪ್ ತನ್ನ ಪೆಟ್ಟಿಗೆಯಿಂದ ಹೊರಗೆ ಓಡಿಬಂದು ಅಲ್ ಐನ್ ಆಟಗಾರನನ್ನು ಬೀಳಿಸಿ ಕೆಂಪು ಕಾರ್ಡ್ ಪಡೆದರು. ಇದನ್ನು ಅದೃಷ್ಟ ಎಂದು ತಳ್ಳಿಹಾಕಲಾಗದು. ಬೆನ್ನ ಹಿಂದೆ ಬಯಲು ಬಿಟ್ಟ ತಂಡದ ಗೋಲ್‌ಕೀಪರ್ ಆ ಬಯಲಿಗೆ ಓಡಿ ಬರಲೇಬೇಕಾಗುತ್ತದೆ. ಕ್ರೆಸ್ಪೊ ಅವರ ಆಟ ಎದುರಾಳಿಯಿಂದ ಬಯಸುವುದು ಇಂಥ ಗಳಿಗೆಗಳನ್ನೇ. ರಹೀಮಿ ಮತ್ತೊಂದು ಹೊಡೆದ; ಬದಲಿ ಆಟಗಾರನಾಗಿ ಇಳಿದ ಲಾಬಾ ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ ಎರಡು. 5-1, ಒಟ್ಟು 6-3. ಟೂರ್ನಿಯಲ್ಲಿ 13 ಗೋಲು ಹೊಡೆದ ರಹೀಮಿಗೆ ಅತ್ಯುತ್ತಮ ಆಟಗಾರನ ಪ್ರಶಸ್ತಿಯೂ ಬಂತು. ಆ ಬೇಸಿಗೆಯ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಅವನೇ 8 ಗೋಲುಗಳೊಂದಿಗೆ ಮೊದಲಿಗ. ಮೊರಾಕ್ಕೊ ಕಂಚು ಗೆದ್ದಿತು.

ಅಲ್ ಐನ್‌ಗೆ ಇದು ಎರಡನೇ ಏಷ್ಯಾ ಕಿರೀಟ. ಮೊದಲನೆಯದು 2003ರಲ್ಲಿ, ಫ್ರಾನ್ಸಿನ ಬ್ರೂನೊ ಮೆತ್ಸು ಕೋಚ್ ಆಗಿದ್ದಾಗ. ಹಿಂದಿನ ವರ್ಷವಷ್ಟೇ ಸೆನೆಗಲ್ ತಂಡವನ್ನು ವಿಶ್ವಕಪ್ ಕ್ವಾರ್ಟರ್ ಫೈನಲ್‌ಗೆ ಒಯ್ದು, ಉದ್ಘಾಟನಾ ಪಂದ್ಯದಲ್ಲಿ ಚಾಂಪಿಯನ್ ಫ್ರಾನ್ಸನ್ನೇ 1-0ರಿಂದ ಸೋಲಿಸಿದ್ದ ಮೆತ್ಸು ಅವರದೂ ಹಿಂದೆ ಗಟ್ಟಿಯಾಗಿ ನಿಂತು ವೇಗವಾಗಿ ತಿರುಗಿ ಬೀಳುವ ಆಟವೇ. ನಡುವೆ 2016ರಲ್ಲಿ ಝ್ಲಾಟ್ಕೊ ದಾಲಿಚ್ ಕಾಲದ ಅಲ್ ಐನ್, ಒಮರ್ ಅಬ್ದುಲ್‌ರಹಮಾನ್ ಎಂಬ ಮಾಂತ್ರಿಕ ಎಡಗಾಲಿನ ಸುತ್ತ ನಿಧಾನವಾಗಿ ಪಾಸ್ ಹೆಣೆಯುವ ತಂಡವಾಗಿತ್ತು. ನೋಡಲು ಅದಕ್ಕಿಂತ ಚೆಂದದ ಅಲ್ ಐನ್ ಇಲ್ಲ ಎನ್ನಬಹುದು. ಅದು ಫೈನಲ್‌ನಲ್ಲಿ ಕೊರಿಯಾದ ಜಿಯೊನ್ಬುಕ್ ಎದುರು ಸೋತಿತು. ಗೆದ್ದ ಎರಡೂ ಸಲ ಅಲ್ ಐನ್ ಪ್ರತಿದಾಳಿಯ ತಂಡವಾಗಿತ್ತು.

ಇದು ಕಾಕತಾಳೀಯವಲ್ಲ, ಹವೆಗೂ ಇದಕ್ಕೂ ನಂಟಿದೆ. ಇಲ್ಲಿನ ಲೀಗ್ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಜೆಬೆಲ್ ಅಲಿಯ ಬಂದರು, ಗೋದಾಮು, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಆ ನಿಯಮದ ಅರ್ಥ ಮೈಗೇ ಗೊತ್ತು. ಆ ವಿರಾಮದ ನಿಯಮ ಇನ್ನೂ ಜಾರಿಯಲ್ಲಿರುವಾಗಲೇ ಫುಟ್‌ಬಾಲ್ ಲೀಗ್ ಆರಂಭವಾಗಿರುತ್ತದೆ. ಪಂದ್ಯಗಳು ಸಂಜೆಯೇ ನಡೆಯುತ್ತವೆ, ನಿಜ. ಆದರೆ ಸೂರ್ಯ ಮುಳುಗಿದ ಮೇಲೆ ಕಡಲತಡಿಯಲ್ಲಿ ತೇವ ಏರುತ್ತದೆ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಕೆಲಸ ಮುಗಿಸಿ ಜೆಬೆಲ್ ಅಲಿಯ ಕೃತಕ ಹುಲ್ಲಿನ ಅಂಗಳಕ್ಕೆ ಬಂದು ಐದೈದು ಮಂದಿ ಆಡುವ ಹುಡುಗರನ್ನು ಸೆಪ್ಟೆಂಬರಿನ ರಾತ್ರಿ ನೋಡಿದರೆ ಸಾಕು. ಮೊದಲ ಹತ್ತು ನಿಮಿಷ ಎಲ್ಲರೂ ಚೆಂಡಿನ ಹಿಂದೆ ಓಡುತ್ತಾರೆ. ಆಮೇಲೆ ಅಂಗಿ ಮೈಗೆ ಅಂಟುತ್ತದೆ, ಇಬ್ಬರು ಸೊಂಟಕ್ಕೆ ಕೈಯಿಟ್ಟು ಹಿಂದೆಯೇ ನಿಂತುಬಿಡುತ್ತಾರೆ, ಒಬ್ಬ ಮಾತ್ರ ಮುಂದೆ ಕಾಯುತ್ತಾನೆ. ಯಾವ ಕೋಚೂ ಹೇಳಿಕೊಡದೆ ಪ್ರತಿದಾಳಿಯ ಆಟ ಅಲ್ಲಿ ತಾನಾಗಿ ಹುಟ್ಟುತ್ತದೆ.

ಅದೇ ಜೆಬೆಲ್ ಅಲಿ ಜನವರಿಯಲ್ಲಿ ಬೇರೆಯೇ ಊರು. ಇಲ್ಲಿನ ಕಡಲಂಚಿನ ರೆಸಾರ್ಟಿನ ಹುಲ್ಲಂಗಳಗಳಿಗೆ ಯುರೋಪಿನ ಕ್ಲಬ್ಬುಗಳು ಚಳಿಗಾಲದ ಶಿಬಿರಕ್ಕೆ ಬರುತ್ತವೆ. ತಮ್ಮ ಊರಿನಲ್ಲಿ ಹಿಮ ಬಿದ್ದಾಗ ಇಲ್ಲಿ ಹಿತವಾದ ಬಿಸಿಲು, ಒಣ ಗಾಳಿ. ಎದುರಾಳಿಯ ಪೆಟ್ಟಿಗೆಯವರೆಗೂ ಹೋಗಿ ಒತ್ತಡ ಹೇರುವ ಆಟವನ್ನು ಆ ದಿನಗಳಲ್ಲಿ ತೊಂಬತ್ತು ನಿಮಿಷ ಆಡಿದರೂ ಆಗುತ್ತದೆ. ಈ ದೇಶದ ಕ್ಲಬ್ಬುಗಳಿಗೆ ಬರುವ ಯುರೋಪಿನ ಕೋಚ್‌ಗಳಲ್ಲಿ ಹಲವರು ಮೊದಲು ಕಂಡಿರುವುದು ಈ ಜನವರಿಯ ಯುಎಇಯನ್ನು. ಅದನ್ನೇ ನಂಬಿ ಇಡೀ ವರ್ಷದ ಆಟ ಕಟ್ಟಿದರೆ ಋತುವಿನ ಮೊದಲ ಮೂರು ತಿಂಗಳು ಕೈಕೊಡುತ್ತವೆ. ಏಷ್ಯಾದ ನಾಕೌಟ್ ಪಂದ್ಯಗಳು ಬರುವುದು ಫೆಬ್ರವರಿಯಿಂದ ಮೇ ನಡುವೆ. ಕ್ರೆಸ್ಪೊ ಬಂದದ್ದು ನವೆಂಬರಿನಲ್ಲಿ ಎಂಬುದು ಅವರಿಗೆ ಸಿಕ್ಕ ದೊಡ್ಡ ಅನುಕೂಲ. ಮೊದಲ ವರ್ಷ ಅವರು ಸೆಕೆಯ ಭಾಗವನ್ನು ಆಡಿಸಲೇ ಇಲ್ಲ.

ದಾಳಿಯಾಟದ ಇನ್ನೊಂದು ಬಗೆ, ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಇಡೀ ತಂಡ ಮುಂದೆ ಸರಿಯುವ ಡಚ್ ಮಾದರಿ, ಅಬುಧಾಬಿಯ ಅಲ್ ಜಝೀರಾದಲ್ಲಿ ಎರಡು ಸಲ ಫಲ ಕೊಟ್ಟಿದೆ. ಹೆಂಕ್ ಟೆನ್ ಕಾಟೆ 2016-17ರ ಲೀಗ್ ಗೆದ್ದರು. ಆ ವರ್ಷ ಅಲಿ ಮಬ್ಖೂತ್ ಒಬ್ಬರೇ 33 ಗೋಲು. ಮಾರ್ಸೆಲ್ ಕೈಝರ್ 2020-21ರಲ್ಲಿ ಮತ್ತೆ ಗೆದ್ದರು. ಎರಡೂ ಸಲ ಆಟಕ್ಕೆ ಅಚ್ಚಾಗಿದ್ದದ್ದು ಒಬ್ಬ ಸ್ಥಳೀಯ ಗೋಲುಗಾರ. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ ಇರುವ ಲೀಗಿನಲ್ಲಿ ಮಬ್ಖೂತ್‌ನಂಥ ಎಮಿರಾಟಿ ಫಾರ್ವರ್ಡ್ ಇದ್ದರೆ ವಿದೇಶಿ ಜಾಗಗಳನ್ನು ನಡುಮೈದಾನಕ್ಕೂ ಡಿಫೆನ್ಸ್‌ಗೂ ಬಳಸಬಹುದು. ಚೆಂಡು ಇಟ್ಟುಕೊಳ್ಳುವ ಆಟಕ್ಕೆ ಬೇಕಾದದ್ದೂ ಅದೇ. ಅಲ್ ಐನ್‌ನಲ್ಲಿ ಮುಂದಿನ ಸಾಲಿನವರೇ ವಿದೇಶಿಯರು. ಹಾಗಾಗಿ ಅಲ್ ಜಝೀರಾದ ಆಟ ಅಲ್ ಐನ್‌ಗೆ ಸುಲಭವಾಗಿ ಒಗ್ಗುವಂಥದ್ದಾಗಿರಲಿಲ್ಲ.

ಅಲ್ ಜಝೀರಾ ಸಹ ತನಗಿಂತ ಬಲವಾದ ತಂಡದೆದುರು ತನ್ನ ಆಟ ಬದಲಿಸಿದಾಗಲೇ ಮಿಂಚಿದ್ದು. 2017ರ ಡಿಸೆಂಬರ್ 13ರಂದು ಅಬುಧಾಬಿಯಲ್ಲಿ ಕ್ಲಬ್ ವಿಶ್ವಕಪ್ ಸೆಮಿಫೈನಲ್. ರಿಯಲ್ ಮ್ಯಾಡ್ರಿಡ್ ಎದುರು ಟೆನ್ ಕಾಟೆ ತಂಡ ಹಿಂದೆ ನಿಂತು, ರೊಮಾರಿನ್ಹೊ ಹೊಡೆದ ಗೋಲಿನಿಂದ ಮುನ್ನಡೆ ಪಡೆಯಿತು. ಬುಸೂಫಾ ಹೊಡೆದ ಎರಡನೆಯದು ಆಫ್‌ಸೈಡ್ ಎಂದು ವಿಡಿಯೊ ತಪಾಸಣೆಯಲ್ಲಿ ರದ್ದಾಯಿತು. ಕೊನೆಗೆ ರೊನಾಲ್ಡೊ, ಬೇಲ್ ಗೋಲುಗಳಿಂದ ಮ್ಯಾಡ್ರಿಡ್ 2-1ರಿಂದ ಪಾರಾಯಿತು. 2022ರ ಫೆಬ್ರವರಿಯಲ್ಲಿ ಕೈಝರ್ ತಂಡ ಅದೇ ಟೂರ್ನಿಯಲ್ಲಿ ಅಲ್ ಹಿಲಾಲ್‌ಗೆ 6-1ರಿಂದ ಸೋತಿತು. ಎರಡು ವರ್ಷಗಳ ನಂತರ ಕ್ರೆಸ್ಪೊ ಅದೇ ಅಲ್ ಹಿಲಾಲ್‌ಗೆ ನಾಲ್ಕು ಗೋಲು ಹಾಕಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಟೆನ್ ಕಾಟೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು. ಅದೇ ಬಳಗದಲ್ಲಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿಗೆ ಕೋಚ್ ಆಗಿ ಬಂದರು. ಒಂದೇ ಶಾಲೆಯ ಇಬ್ಬರು, ಒಬ್ಬರು ಅಬುಧಾಬಿಗೆ, ಇನ್ನೊಬ್ಬರು ಕಂಠೀರವಕ್ಕೆ. ಆಶ್ಲಿ ವೆಸ್ಟ್‌ವುಡ್ ಕಟ್ಟಿಕೊಟ್ಟ, ದೈಹಿಕ ಬಲ ಮತ್ತು ಸೆಟ್‌ಪೀಸ್ ನೆಚ್ಚಿದ್ದ ತಂಡಕ್ಕೆ ರೋಕಾ ಪಾಸ್ ಆಟ ಕಲಿಸಿದರು. ಆ ಅಕ್ಟೋಬರ್‌ನಲ್ಲಿ ಜೊಹೊರ್ ದಾರುಲ್ ತಾಝಿಮ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ ಬೆಂಗಳೂರು ಎಎಫ್‌ಸಿ ಕಪ್ ಫೈನಲ್ ಸೇರಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಯವರೆಗೆ ಹೋಗಿರಲಿಲ್ಲ. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ 1-0ರಿಂದ ಗೆದ್ದಿತು. 2017-18ರ ಐಎಸ್‌ಎಲ್‌ನಲ್ಲಿ ಮಿಕು 15, ಸುನಿಲ್ ಛೆಟ್ರಿ 14 ಗೋಲು ಹೊಡೆದರೂ ಫೈನಲ್‌ನಲ್ಲಿ ತವರಿನಲ್ಲೇ ಚೆನ್ನೈಯಿನ್ ಎದುರು 2-3ರ ಸೋಲು. ಮರುವರ್ಷ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅದೇ ತಂಡವನ್ನು ಒಂದಿಷ್ಟು ಹಿಂದಕ್ಕೆ ಎಳೆದು ಬಿಗಿ ಮಾಡಿದರು. ದಾಳಿಗೆ ಹೆಸರಾದ ಗೋವಾ ಎದುರು ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದು ಗೋಲು ಸಾಕಾಯಿತು. ಕಪ್ ಬೆಂಗಳೂರಿಗೆ ಬಂತು. ಬೆಂಗಳೂರಿನ ಸಂಜೆಯ ತಂಪಿನಲ್ಲೂ ಲೆಕ್ಕ ಹೀಗೇ ಬಂದದ್ದನ್ನು ನೋಡಿದರೆ, ಹವೆಯೊಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. ದಾಳಿಗೆ ಎಷ್ಟು ಮಂದಿಯನ್ನು ಬಿಟ್ಟುಕೊಡಬಹುದು ಎಂಬುದು ಹಿಂದೆ ಉಳಿದವರ ಶಕ್ತಿಯ ಮೇಲೆ ನಿಂತಿದೆ.

ಭಾರತ ತಂಡ ಯುಎಇ ನೆಲದಲ್ಲೇ ಇದನ್ನು ಕಲಿತದ್ದು ಇನ್ನೂ ಕಹಿಯಾಗಿ. 2019ರ ಏಷ್ಯನ್ ಕಪ್‌ನಲ್ಲಿ ಸ್ಟೀಫನ್ ಕಾನ್‌ಸ್ಟಂಟೈನ್ ನೇರವಾದ 4-4-2 ಆಡಿಸಿದರು. ಜನವರಿ 6ರಂದು ಅಬುಧಾಬಿಯ ಅಲ್ ನಹ್ಯಾನ್ ಕ್ರೀಡಾಂಗಣದಲ್ಲಿ ಥಾಯ್ಲೆಂಡ್ ವಿರುದ್ಧ 4-1: ಛೆಟ್ರಿ ಎರಡು, ಅನಿರುದ್ಧ್ ಥಾಪಾ, ಜೆಜೆ ಒಂದೊಂದು. ಥಾಯ್ ತಂಡ ಮುಂದೆ ಬಂದು ಆಡಿತು. ಉದಾಂತ ಸಿಂಗ್‌ನಂಥ ಓಟಗಾರರಿಗೆ ಬಯಲು ಸಿಕ್ಕಿತು. ನಾಲ್ಕು ದಿನದ ಬಳಿಕ ಯುಎಇ ಎದುರು 0-2ರಿಂದ ಸೋತರೂ ಚೆಂಡು ಎರಡು ಸಲ ಗೋಲ್ ಪಟ್ಟಿಗೆ ಬಡಿದು ಮರಳಿತ್ತು. ಶಾರ್ಜಾದಲ್ಲಿ ಬಹ್ರೈನ್ ಎದುರಿನ ಕೊನೆಯ ಪಂದ್ಯದಲ್ಲಿ ಡ್ರಾ ಸಾಕಿತ್ತು. ಭಾರತ ಹಿಂದೆ ಸರಿಯಿತು, ಆದರೆ ಈ ಸಲ ಮುಂದೆ ಓಡುವವರನ್ನೇ ಉಳಿಸಿಕೊಳ್ಳಲಿಲ್ಲ. ಹೆಚ್ಚುವರಿ ನಿಮಿಷದ ಪೆನಾಲ್ಟಿಯಿಂದ ಬಹ್ರೈನ್ 1-0. ದುಬೈ, ಶಾರ್ಜಾಗಳಿಂದ ತ್ರಿವರ್ಣ ಹಿಡಿದು ಬಂದಿದ್ದ ಸಾವಿರಾರು ಮಂದಿ ಮಾತಿಲ್ಲದೆ ಮನೆಗೆ ಮರಳಿದ ರಾತ್ರಿ ಅದು. ಪ್ರತಿದಾಳಿಯ ಆಟದಲ್ಲಿ ಎರಡು ಅರ್ಧಗಳಿವೆ. ಹಿಂದೆ ನಿಲ್ಲುವುದನ್ನಷ್ಟೇ ಉಳಿಸಿಕೊಂಡರೆ ಅದು ಕಾಯುವ ಆಟವಾಗುತ್ತದೆ, ಕಾಯುವ ತಂಡಕ್ಕೆ ಯಾವಾಗಲೋ ಒಂದು ಪೆಟ್ಟು ಬೀಳುತ್ತದೆ.

ಅಲ್ ಐನ್‌ಗೆ ಎದುರಾದ ತೊಡಕು ಇದರ ಇನ್ನೊಂದು ಮುಖ. ಏಷ್ಯಾದ ಮಟ್ಟದಲ್ಲಿ ದೊಡ್ಡ ಎದುರಾಳಿಗಳು ಮುಂದೆ ಬರುತ್ತಾರೆ, ಬಯಲು ಬಿಡುತ್ತಾರೆ. ದೇಶದ ಲೀಗಿನಲ್ಲಿ ಅಲ್ ಐನ್ ಎಂದರೆ ಯಜಮಾನ. ಸಣ್ಣ ತಂಡಗಳು ಪೆಟ್ಟಿಗೆಯ ಮುಂದೆ ಗೋಡೆಯಾಗಿ ನಿಲ್ಲುತ್ತವೆ. ರಹೀಮಿಗೆ ಓಡಲು ಜಾಗವೇ ಇರುವುದಿಲ್ಲ. ಅಲ್ಲಿ ಬೇಕಾದದ್ದು ಲಾಬಾ, ಬದಿಯ ಕ್ರಾಸ್, ತಾಳ್ಮೆಯ ಪಾಸ್. 2023-24ರ ಲೀಗ್ ಹೋದದ್ದು ಮಿಲೋಶ್ ಮಿಲೋಯೆವಿಚ್ ಅವರ ಅಲ್ ವಸ್ಲ್‌ಗೆ. ಆ ಕ್ಲಬ್ 2007ರ ನಂತರ ಮೊದಲ ಸಲ ಗೆದ್ದಿತು, ಪ್ರೆಸಿಡೆಂಟ್ಸ್ ಕಪ್ ಫೈನಲ್‌ನಲ್ಲೂ ಅಲ್ ನಸ್ರ್ ದುಬೈಯನ್ನು 4-0ರಿಂದ ಮಣಿಸಿತು. ಫ್ಯಾಬಿಯೊ ಲಿಮಾ, ಕಯೊ ಕನೆಡೊ, ಅಲಿ ಸಾಲೆಹ್ ಇವರು ಗೋಡೆಯನ್ನು ಸಣ್ಣ ಸಣ್ಣ ಪಾಸ್‌ಗಳಿಂದ ಬಿಡಿಸಬಲ್ಲವರು. ಏಷ್ಯಾ ಗೆದ್ದ ಆಟ, ಲೀಗ್ ಗೆಲ್ಲುವ ಆಟ ಎರಡೂ ಬೇರೆ. ಎರಡನ್ನೂ ಒಂದೇ ತಂಡದಲ್ಲಿ ಕೂಡಿಸಲು ಕ್ರೆಸ್ಪೊ ಅವರಿಗೆ ಸಮಯ ಬೇಕಿತ್ತು.

ಆ ಸಮಯ ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆಕ್ಲೆಂಡ್ ಸಿಟಿಯನ್ನು 6-2ರಿಂದ ಸೋಲಿಸಿದ್ದು ಬಿಟ್ಟರೆ ಹೊಸ ಋತು ಕೆಟ್ಟದಾಗಿಯೇ ಶುರುವಾಯಿತು. ಅಕ್ಟೋಬರಿನ ಕೊನೆಯಲ್ಲಿ ಕೈರೋದ ಅಲ್ ಅಹ್ಲಿ ಎದುರು ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ 0-3. ಅದಕ್ಕೂ ಮುಂಚೆ, ಅಕ್ಟೋಬರ್ 21ರಂದು, ಅದೇ ಹಝ್ಝಾ ಬಿನ್ ಝಾಯೆದ್ ಅಂಗಳಕ್ಕೆ ಅಲ್ ಹಿಲಾಲ್ ಮತ್ತೆ ಬಂತು. ಅಲ್ ಐನ್ ಈ ಸಲವೂ ನಾಲ್ಕು ಗೋಲು ಹೊಡೆಯಿತು. ಅಲ್ ಹಿಲಾಲ್ ಐದು ಹೊಡೆಯಿತು. ಏಪ್ರಿಲ್‌ನ 4-2, ಅಕ್ಟೋಬರ್‌ನ 4-5 ಇವೆರಡನ್ನೂ ಜೊತೆಗಿಟ್ಟರೆ ಇಡೀ ಪ್ರಶ್ನೆ ಕಣ್ಣಮುಂದೆ ನಿಲ್ಲುತ್ತದೆ: ದಾಳಿ ಕುಂದಿರಲಿಲ್ಲ, ದಾಳಿಯನ್ನು ಹೊತ್ತು ನಿಲ್ಲುವ ಹಿಂದಿನ ಸಾಲು ಕುಸಿದಿತ್ತು. ನವೆಂಬರ್ 5ರಂದು ರಿಯಾದ್‌ನಲ್ಲಿ ಅಲ್ ನಸ್ರ್ ಎದುರು 1-5. ಮರುದಿನವೇ ಕ್ರೆಸ್ಪೊ ಅವರ ಅವಧಿ ಮುಗಿಯಿತು.

ಕ್ಲಬ್ಬಿನ ಆ ತೀರ್ಮಾನ ಅವಸರದ್ದು. ಗೋಲು ಹೊಡೆಯುವುದನ್ನು ಮರೆಯದ ತಂಡಕ್ಕೆ ಹೊಸ ಕೋಚ್‌ಗಿಂತ ಮೊದಲು ಇಬ್ಬರು ಗಟ್ಟಿ ಡಿಫೆಂಡರುಗಳ ಅಗತ್ಯವಿತ್ತು. ಇದೇ ದೇಶದಲ್ಲಿ ಕೊಸ್ಮಿನ್ ಒಲಾರೊಯು ಅವರ ಶಾರ್ಜಾ ಹಿಂದಿನ ಸಾಲನ್ನೇ ಮೊದಲು ಕಟ್ಟಿಕೊಂಡ ತಂಡ. 2025ರ ಮೇ ತಿಂಗಳಲ್ಲಿ ಸಿಂಗಪುರದಲ್ಲಿ ಲಯನ್ ಸಿಟಿ ಸೈಲರ್ಸ್ ತಂಡವನ್ನು ಕೊನೆಯ ಗಳಿಗೆಯ ಗೋಲಿನಿಂದ 2-1ಕ್ಕೆ ಸೋಲಿಸಿ ಅದು ಏಷ್ಯಾದ ಎರಡನೇ ದರ್ಜೆಯ ಕಪ್ ಗೆದ್ದಿತು. ಅಲ್ ಐನ್ ಮಾತ್ರ ಕೋಚ್ ಬದಲಿಸುತ್ತ ಹೋಯಿತು. ಕ್ರೆಸ್ಪೊ ನಂತರ ಲಿಯೊನಾರ್ಡೊ ಜಾರ್ದಿಮ್, 2025ರ ಫೆಬ್ರವರಿಯಲ್ಲಿ ವ್ಲಾದಿಮಿರ್ ಇವಿಚ್. ಏಷ್ಯಾ ಚಾಂಪಿಯನ್ ಎಂಬ ನೆಲೆಯಲ್ಲಿ 2025ರ ಜೂನ್‌ನಲ್ಲಿ ಅಮೆರಿಕದ ಕ್ಲಬ್ ವಿಶ್ವಕಪ್‌ಗೆ ಹೋದ ತಂಡ ಯುವೆಂಟಸ್‌ಗೆ 0-5, ಮ್ಯಾಂಚೆಸ್ಟರ್ ಸಿಟಿಗೆ 0-6ರಿಂದ ಸೋತಿತು. ಕೊನೆಯ ಪಂದ್ಯದಲ್ಲಿ ಮೊರಾಕ್ಕೊದ ವಿದಾದ್ ತಂಡ ಮೊದಲು ಗೋಲು ಹೊಡೆದ ಮೇಲೂ ಲಾಬಾ, ಕಾಕು ಒಂದೊಂದು ತಿರುಗಿಸಿ 2-1ರಿಂದ ಗೆಲ್ಲಿಸಿದರು. ಅದೇ ತಿಂಗಳು ಕ್ರೆಸ್ಪೊ ಸಾವೊ ಪಾವ್ಲೊಗೆ ಮರಳಿ ಕೋಚ್ ಆದರು.